ಸಿಸ್ಟರ್ ಒದ್ದರೆ ಚಾಲೂ ಆಗಬೇಕು

ಗೂಡ್ಸ್ ಆಟೋದಿಂದ ಇಳಿಸುವಾಗಲೇ ಆ ಗಾಡಿ ನನ್ನ ಜೊತೆ ಜಗಳಕ್ಕೆ ನಿಂತಿತು. ಹಿಂದಿನ ಗಾಲಿ ತಿರುಗಲೊಲ್ಲದು. ನಾನು ಹ್ಯಾಂಡಲ್ ಹಿಡಿದು, ಆಟೋದವನು ಹಿಂದಿನಿಂದ ದಬ್ಬಿ, ಗ್ಯಾರೇಜಿನ ಮುಂದಿನ ಮಣ್ಣಿನಲ್ಲಿ ಉದ್ದಕ್ಕೂ ಗೆರೆ ಕೊರೆಯುತ್ತ ಒಳಗೆ ತಂದೆವು. ಮೇಲೆ ಹೊದಿಸಿದ್ದ ಹಳೆಯ ಸೀರೆ ತೆಗೆದರೆ ಕೆಳಗೆ ಇನ್ನೊಂದು ಹೊದಿಕೆ ಇದ್ದ ಹಾಗೆ ಕಂಡಿತು. ಅದು ನೂಲಿನ ಧೂಳು. ಇಳಕಲ್ಲಿನ ಒಂದು ಮಗ್ಗದ ಮನೆಯ ಮೂಲೆಯಲ್ಲಿ ವರ್ಷಗಟ್ಟಲೆ ನಿಂತ ಗಾಡಿ ಅದು. ಹತ್ತಿಯ ಎಳೆ, ರೇಷ್ಮೆಯ ಎಳೆ, ಬಣ್ಣದ ಪುಡಿ ಎಲ್ಲ ಎಣ್ಣೆಯ ಜಿಡ್ಡಿಗೆ ಅಂಟಿಕೊಂಡು ಎಂಜಿನ್ನಿನ ರೆಕ್ಕೆಗಳ ನಡುವೆ ಕಂಬಳಿಯಂತೆ ಹೆಪ್ಪುಗಟ್ಟಿತ್ತು.

ನನ್ನ ಗ್ಯಾರೇಜು ಹುನಗುಂದದಲ್ಲಿ, ಇಳಕಲ್ ರಸ್ತೆಯ ಬದಿಗೆ. ಈಗ ನನ್ನಲ್ಲಿಗೆ ಬರುವುದೆಲ್ಲ ಬಟನ್ ಒತ್ತಿದರೆ ಚಾಲೂ ಆಗುವ ಗಾಡಿಗಳು. ಆಯಿಲ್ ಬದಲಿಸು, ಬ್ರೇಕ್ ಶೂ ಹಾಕು, ಚೈನ್ ಬಿಗಿ ಮಾಡು, ಮುಗಿಯಿತು. ಇಂಥ ಹಳೆಯ ನೂರು ಸಿ.ಸಿ.ಯ ಟೂ ಸ್ಟ್ರೋಕ್ ಗಾಡಿಗಳ ಮೇಲೇ ನಾನು ಕೆಲಸ ಕಲಿತವನು ನಿಜ, ಆದರೆ ಅವುಗಳಿಗೆ ಕೈ ಹಚ್ಚಿ ಬಹಳ ಕಾಲವಾಗಿತ್ತು. ಸಾಮಾನು ಸಿಗುವುದಿಲ್ಲ, ಸಿಕ್ಕರೂ ನಕಲಿ, ಮಾಡಿಕೊಟ್ಟ ಮೇಲೂ ತಕರಾರು ತಪ್ಪುವುದಿಲ್ಲ. ಅವತ್ತು ಬೇಡ ಅನ್ನಬೇಕು ಅಂತಲೇ ಬಾಯಿ ತೆರೆದಿದ್ದೆ.

ಅಷ್ಟರಲ್ಲಿ ಆಟೋದ ಮುಂದಿನ ಸೀಟಿನಿಂದ ಗಾಡಿಯ ಒಡತಿ ಇಳಿದರು. ಬಿಳಿ ಕೂದಲು, ಸಣ್ಣ ಆಕಾರ, ಕೈಯಲ್ಲಿ ಕೊಡೆ. ಸರಕಾರಿ ನರ್ಸ್ ಆಗಿದ್ದು ನಿವೃತ್ತರಾದವರು. ಈ ಭಾಗದ ಹಳ್ಳಿಗಳಲ್ಲಿ ವಯಸ್ಸಾದವರನ್ನು ಕೇಳಿದರೆ ಹೆಸರು ಹೇಳುವುದಿಲ್ಲ, ಗಾಡಿ ಸಿಸ್ಟರ್ ಅನ್ನುತ್ತಾರೆ. ಹೆಂಗಸರು ಸೈಕಲ್ ಹತ್ತಿದರೂ ಜನ ನಿಂತು ನೋಡುತ್ತಿದ್ದ ಕಾಲದಲ್ಲಿ ಅವರು ಇದೇ ಮೋಟರ್ ಸೈಕಲ್ ಮೇಲೆ ಲಸಿಕೆಯ ಡಬ್ಬಿ ಕಟ್ಟಿಕೊಂಡು ಹಳ್ಳಿ ಹಳ್ಳಿ ತಿರುಗಿದವರು. ನಿವೃತ್ತಿಯಾದ ಮೇಲೆ ಇಳಕಲ್ಲಿನಲ್ಲಿ ತಮ್ಮನ ಮನೆಯಲ್ಲಿದ್ದರು. ತಮ್ಮ ತೀರಿಕೊಂಡು, ಈಗ ತಮ್ಮನ ಮಗನ ಸಂಸಾರ.

ನಾನು ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಇದಕ್ಕೆ ಖರ್ಚು ಮಾಡುವುದಕ್ಕಿಂತ ಒಂದು ಬ್ಯಾಟರಿ ಸ್ಕೂಟರ್ ತಗೊಳ್ಳಿರಿ, ನಿಮ್ಮ ವಯಸ್ಸಿಗೆ ಅದೇ ಸಲೀಸು ಅಂದೆ. ಅವರು ನನ್ನನ್ನು ಇಂಜೆಕ್ಷನ್ನಿಗೆ ಅಳುವ ಕೂಸನ್ನು ನೋಡುವ ಹಾಗೆ ನೋಡಿದರು. ಮಳೆ ಬಿದ್ದ ಎರೆ ಹೊಲದ ದಾರಿಯಲ್ಲಿ ಆ ಸಣ್ಣ ಗಾಲಿ ಸಿಕ್ಕಿಕೊಳ್ಳುತ್ತದೆ, ಈಗಿನ ದೊಡ್ಡ ಗಾಡಿಗಳ ಮೇಲೆ ಕೂತರೆ ತಮ್ಮ ಕಾಲು ನೆಲ ಮುಟ್ಟುವುದಿಲ್ಲ ಅಂದರು. ಇಷ್ಟು ಹೇಳಿ, ಇನ್ನು ಮಾತಿಲ್ಲ ಎಂಬಂತೆ ಕೊಡೆ ಬಿಚ್ಚಿದರು. ಹೊರಡುವ ಮುಂಚೆ ಒಂದು ಮಾತು ಸೇರಿಸಿದರು.

"ಒಂದ ಕರಾರ ಐತಿ, ತಮ್ಮಾ. ನಾ ಒದ್ದರ ಚಾಲೂ ಆಗಬೇಕು. ನೀ ಒದ್ದರ ಅಲ್ಲ."

ಅದೇನು ದೊಡ್ಡ ಮಾತು ಅಂದುಕೊಂಡೆ. ಎಂಜಿನ್ ಸರಿಯಿದ್ದರೆ ಯಾರು ಒದ್ದರೂ ಚಾಲೂ ಆಗುತ್ತದೆ.

ಕೆಲಸ ಹಿಡಿದ ಮೇಲೆ ಒಂದೊಂದೇ ಹೊರಗೆ ಬರತೊಡಗಿತು. ಹಿಂದಿನ ಬ್ರೇಕಿನ ಶೂಗಳು ತುಕ್ಕಿನಿಂದ ಡ್ರಮ್ಮಿಗೆ ಬೆಸುಗೆ ಹಾಕಿದ ಹಾಗೆ ಹಿಡಿದಿದ್ದವು. ಸೀಟಿನ ಕೆಳಗೆ ಇಲಿಗಳು ಸಂಸಾರ ಹೂಡಿ, ವಯರುಗಳ ಮೇಲಿನ ಪ್ಲಾಸ್ಟಿಕ್ ಅನ್ನು ತಿಂದು ತಾಮ್ರ ಬಿಟ್ಟಿದ್ದವು. ಕಾರ್ಬೊರೇಟರ್ ಬಿಚ್ಚಿದರೆ ಬಟ್ಟಲಿನಲ್ಲಿ ಪೆಟ್ರೋಲು ಒಣಗಿ ಜೋನಿ ಬೆಲ್ಲದಂತೆ ಅಂಟಾಗಿತ್ತು. ಸಣ್ಣ ಜೆಟ್ಟಿನ ತೂತು ಇದೆಯೋ ಇಲ್ಲವೋ ಅಂತ ಬೆಳಕಿಗೆ ಹಿಡಿದು ನೋಡಬೇಕಾಯಿತು. ಎಲ್ಲಕ್ಕಿಂತ ಕೆಟ್ಟದ್ದು ಪಿಸ್ಟನ್. ಅದು ಸಿಲಿಂಡರಿನಲ್ಲಿ ಜಾಮ್ ಆಗಿತ್ತು. ಡೀಸೆಲ್ ಮತ್ತು ಬ್ರೇಕ್ ಆಯಿಲ್ ಕೂಡಿಸಿ ಪ್ಲಗ್ಗಿನ ತೂತಿನಿಂದ ಸುರಿದು ಬಿಟ್ಟೆ. ದಿನಾ ಬೆಳಿಗ್ಗೆ ಬಂದು ಕಿಕ್ಕರ್ ಮೇಲೆ ಕಾಲಿಟ್ಟು ನೋಡುವುದು, ಅದು ಕಲ್ಲಿನಂತೆ ನಿಂತಿರುವುದು, ಮತ್ತೆ ಸುರಿಯುವುದು. ಅಂತೂ ಒಂದು ದಿನ ಕಟ್ಟಿಗೆಯ ತುಂಡಿಟ್ಟು ಸುತ್ತಿಗೆಯಿಂದ ಸಣ್ಣಗೆ ಬಡಿದಾಗ ಕೂದಲಷ್ಟು ಅಲುಗಿತು. ಆಮೇಲೆ ಬಂತು. ಸಿಲಿಂಡರಿನ ಒಳಗೋಡೆ ಸಿಡುಬಿನ ಮುಖದ ಹಾಗಿತ್ತು.

ಅದನ್ನು ಚೀಲದಲ್ಲಿ ಹಾಕಿಕೊಂಡು ಬಾಗಲಕೋಟೆಗೆ ಹೋದೆ. ಅಲ್ಲಿನ ಲೇತ್ ಅಂಗಡಿಯಲ್ಲಿ ಸಿಲಿಂಡರ್ ಕೊರೆಸಿ, ಒಂದು ಅಳತೆ ದೊಡ್ಡ ಪಿಸ್ಟನ್ನು ರಿಂಗು ಹೊಂದಿಸಿಕೊಂಡು ಬಂದೆ. ಪೆಟ್ರೋಲ್ ಟಾಂಕಿಯೊಳಗೆ ಹಳೆಯ ನಟ್ಟುಗಳನ್ನೂ ಡೀಸೆಲ್ಲನ್ನೂ ಹಾಕಿ ತೋಳು ಬೀಳುವ ತನಕ ಕುಲುಕಾಡಿಸಿದೆ. ಕೆಂಪು ಕೆಸರು ಬಂತು, ಬಂತು, ಬರುತ್ತಲೇ ಇತ್ತು. ಕೊನೆಗೆ ಟಾಂಕಿ ಸ್ವಚ್ಛವಾಯಿತು ಅಂತ ಪೆಟ್ರೋಲ್ ಹಾಕಿದರೆ ಕೆಳಗಿನಿಂದ ತೊಟ್ಟಿಕ್ಕಿತು. ತುಕ್ಕೇ ಆ ತೂತನ್ನು ಮುಚ್ಚಿ ಹಿಡಿದಿತ್ತು. ಅದನ್ನು ತೆಗೆದು ನಾನೇ ಸೋರುವ ಹಾಗೆ ಮಾಡಿದ್ದೆ. ಟಾಂಕಿಯನ್ನು ತೊಳೆದು, ಒಣಗಿಸಿ, ಬೆಸುಗೆ ಹಾಕಿಸಿ, ಮತ್ತೆ ಕುಲುಕಾಡಿಸಿ, ಮತ್ತೆ ಕೂಡಿಸಿದೆ.

ಇಷ್ಟಾದ ಮೇಲೆ ಒಂದು ಮಧ್ಯಾಹ್ನ ಗಾಡಿ ಚಾಲೂ ಆಯಿತು. ಒಂದಿಷ್ಟು ಒದೆಸಿಕೊಂಡಿತು ನಿಜ, ಆದರೆ ಆಯಿತು. ಅದರ ಸದ್ದಿಗೆ ಎದುರಿನ ಹೋಟೆಲಿನವರು ಚಹಾದ ಕಪ್ಪು ಹಿಡಿದೇ ಹೊರಗೆ ಬಂದು ನಿಂತರು. ಎಲ್ಲರಿಗೂ ತಾವು ಯಾವಾಗಲೋ ಓಡಿಸಿದ ಇಂಥದೇ ಗಾಡಿಯ ನೆನಪು. ನಾನು ಸಿಸ್ಟರಿಗೆ ಫೋನ್ ಮಾಡಿ ಬಂದು ಒಯ್ಯಿರಿ ಅಂದೆ. ಬೆಳಿಗ್ಗೆಯ ಮೊದಲ ಬಸ್ಸಿಗೇ ಬಂದರು.

ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಗಾಡಿ ಹತ್ತಿದರು. ಕಾಲು ಸರಿಯಾಗಿ ನೆಲ ಮುಟ್ಟುತ್ತಿತ್ತು. ಪೆಟ್ರೋಲ್ ಬಿಟ್ಟು, ಚೋಕ್ ಎಳೆದು, ಕಿಕ್ಕರ್ ಮೇಲೆ ಚಪ್ಪಲಿಯ ಕಾಲಿಟ್ಟು ಒತ್ತಿದರು. ಕೆಲಸ ಗೊತ್ತಿದ್ದವರ ರೀತಿ ಅದು, ಮೇಲಿನಿಂದ ಕೆಳಗಿನ ತನಕ ಪೂರ್ತಿ ಒದೆತ. ಆದರೆ ಜೋರಿಲ್ಲ, ಮೊಣಕಾಲು ಹಿಡಿದಿರುವ ಕಾಲು. ಗಾಡಿ ಒಮ್ಮೆಯೂ ಸದ್ದು ಮಾಡಲಿಲ್ಲ. ಮತ್ತೆ ಒದ್ದರು. ಮತ್ತೆ. ಹಣೆಯ ಮೇಲೆ ಬೆವರು ಬಂತು. ನಾನು ಇಳಿಯಿರಿ ಅಂತ ಹೇಳಿ ಹತ್ತಿ, ಮೈಮೇಲಿನ ಭಾರವೆಲ್ಲ ಹಾಕಿ ಒದ್ದೆ. ಚಾಲೂ ಆಯಿತು. ಬಂದ್ ಮಾಡಿ ಅವರಿಗೆ ಕೊಟ್ಟೆ. ಆಗಲಿಲ್ಲ.

ಎದುರಿನ ಹೋಟೆಲಿನ ಜನ ಮತ್ತೆ ಹೊರಗೆ ಬಂದಿದ್ದರು. ಸಿಸ್ಟರ್ ಇಳಿದರು. ನಾನು, ನಿಮ್ಮ ಕಾಲಿನಲ್ಲಿ ಶಕ್ತಿ ಸಾಲದು, ಗಾಡಿಯಲ್ಲಿ ದೋಷವಿಲ್ಲ ಅಂತ ಆದಷ್ಟು ಮೆತ್ತಗೆ ಹೇಳಿದೆ. ಅವರಿಗೆ ಸಿಟ್ಟು ಬರಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ಸೆರಗು ಬಿಚ್ಚಿ ಸರಿಪಡಿಸಿಕೊಂಡರು.

"ನನ್ನ ಕಾಲು ಇದ್ದಷ್ಟು ಐತಿ. ಗಾಡಿನ ಅದಕ್ಕ ಹೊಂದಿಸು," ಎಂದಷ್ಟೇ ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದರು.

ಕಾಲಿಗೆ ಗಾಡಿ ಹೊಂದಿಸುವುದು ಅಂದರೇನು? ಇದು ಚಪ್ಪಲಿಯೇ? ಅವತ್ತೆಲ್ಲ ಗೊಣಗುತ್ತಲೇ ಪ್ಲಗ್ ಬದಲಿಸಿದೆ. ಮ್ಯಾಗ್ನೆಟ್ ಬಿಚ್ಚಿ ಕಿಡಿ ಕೊಡುವ ಪಾಯಿಂಟಿನ ಸಂದು ಮತ್ತೆ ಹೊಂದಿಸಿದೆ. ಕಿಡಿ ನೀಲಿಯಾಗಿ, ಗಟ್ಟಿಯಾಗಿ ಬೀಳುತ್ತಿತ್ತು. ಕಾರ್ಬೊರೇಟರನ್ನು ಇನ್ನೊಮ್ಮೆ ಬಿಚ್ಚಿ ಜೆಟ್ಟುಗಳನ್ನು ಊದಿದೆ. ಎಲ್ಲ ಸರಿ. ಸಾವಕಾಶ ಒದ್ದು ನೋಡಿದರೆ ಆಗುವುದಿಲ್ಲ, ಜಾಡಿಸಿ ಒದ್ದರೆ ಆಗುತ್ತದೆ. ಅದಕ್ಕೂ ಮೇಲೆ ಇನ್ನೊಂದು ಹೊಸ ರೋಗ: ಎಕ್ಸಲೇಟರ್ ಬಿಟ್ಟರೂ ಎಂಜಿನ್ನಿನ ಸದ್ದು ಕೂಡಲೇ ಇಳಿಯುತ್ತಿರಲಿಲ್ಲ, ತಾನೇ ಏರಿ ಕೂಗಾಡಿ ಆಮೇಲೆ ತಗ್ಗುತ್ತಿತ್ತು.

ರಸ್ತೆಯಲ್ಲಿ ಓಡಿಸಿದರೆ ಗೊತ್ತಾದೀತು ಅಂತ ಇಳಕಲ್ ಕಡೆಗೆ ಬಿಟ್ಟುಕೊಂಡು ಹೋದೆ. ಹೊರಟಾಗ ಹಕ್ಕಿಯ ಹಾಗೆ ಹಾರಿತು. ಇದರ ಹುಚ್ಚು ಹಿಡಿದವರು ಯಾಕೆ ಇನ್ನೂ ಹುಡುಕಿಕೊಂಡು ಬರುತ್ತಾರೆ ಅನ್ನುವುದು ನನಗೂ ನೆನಪಾಯಿತು. ಊರು ದಾಟಿ ಗ್ರಾನೈಟ್ ಲಾರಿಗಳ ಸಾಲನ್ನು ಹಿಂದೆ ಹಾಕುತ್ತಿದ್ದೆ, ಅಷ್ಟರಲ್ಲಿ ಎಂಜಿನ್ ಒಮ್ಮೆಲೇ ಭಾರವಾಯಿತು. ಕ್ಲಚ್ ಹಿಡಿಯುವುದರೊಳಗೆ ಹಿಂದಿನ ಗಾಲಿ ಕೀರಲಿಟ್ಟು ಜಾರಿತು. ಲಾರಿಯವನು ಹಾರ್ನ್ ಹೊಡೆದು ಬೈದು ಹೋದ. ಪಿಸ್ಟನ್ ಕಾದು ಹಿಡಿದುಕೊಂಡಿತ್ತು. ಹೊಸ ಪಿಸ್ಟನ್. ಬಿಸಿಲಲ್ಲಿ ಗಾಡಿಯನ್ನು ದಬ್ಬುತ್ತ ಹಿಂದಕ್ಕೆ ಬರುವಾಗ, ನಾನು ಕಲಿತ ವಿದ್ಯೆಯ ಮೇಲೇ ನನಗೆ ಹೇಸಿಕೆ ಬಂತು.

ಬಿಚ್ಚಿ ನೋಡಿದೆ. ಪಿಸ್ಟನ್ನಿನ ಒಂದು ಬದಿಗೆ ಗೀರು ಬಿದ್ದಿತ್ತು, ಆದರೆ ಕೆಟ್ಟಿರಲಿಲ್ಲ. ನಯವಾದ ಮರಳುಕಾಗದದಿಂದ ಉಜ್ಜಿ ಮತ್ತೆ ಕೂಡಿಸಿದೆ. ಲೇತಿನವನು ಬಿಗಿಯಾಗಿ ಕೊರೆದಿರಬೇಕು ಅಂತ ಅವನಿಗೆ ಫೋನಿನಲ್ಲಿ ಬೈದೆ. ಅವನು ನನಗಿಂತ ಜೋರಾಗಿ ಬೈದ. ಪೆಟ್ರೋಲಿನಲ್ಲಿ ಆಯಿಲ್ ಹೆಚ್ಚು ಮಾಡಿದೆ. ಹೊಗೆ ಹೆಚ್ಚಾಯಿತು, ಬೇರೆ ಏನೂ ಆಗಲಿಲ್ಲ. ಕಂಡೆನ್ಸರ್ ಹೊಸದು ಹಾಕಿದೆ. ಅದು ಡಬ್ಬಿಯಿಂದ ಬರುವಾಗಲೇ ಸತ್ತಿತ್ತು, ಅದನ್ನು ತಿಳಿಯಲಿಕ್ಕೆ ಒಂದು ಇಡೀ ಹೊತ್ತು ಹೋಯಿತು. ಹಳೆಯದನ್ನೇ ಮತ್ತೆ ಹಾಕಿದೆ. ಈ ನಡುವೆ ಬೇರೆ ಗಿರಾಕಿಗಳು ಬಂದು, ನಮ್ಮ ಗಾಡಿ ಯಾವಾಗ ಅಂತ ಕೇಳಿ, ನನ್ನ ಮುಖ ನೋಡಿ ಮುಂದಿನ ಗ್ಯಾರೇಜಿಗೆ ಹೋಗತೊಡಗಿದರು. ಮನೆಯಲ್ಲಿ ಊಟಕ್ಕೆ ಕೂತಾಗಲೂ ಬೆರಳು ತಾಟಿನ ಅಂಚಿನ ಮೇಲೆ ತಾಳ ಹಾಕುತ್ತಿತ್ತು. ಆ ಗಾಡಿಯನ್ನಾದರೂ ನಿಕಾಹ್ ಮಾಡಿಕೋ ಅಂತ ಹೆಂಡತಿ ಅಂದಳು.

ಒಂದು ಶುಕ್ರವಾರ ನಮಾಜು ಮುಗಿಸಿ ಬಂದು ಗ್ಯಾರೇಜಿನ ಬಾಗಿಲು ತೆಗೆಯುತ್ತಿದ್ದೆ. ಸಿಸ್ಟರ್ ಅವರ ಅಳಿಯನ ಫೋನ್ ಬಂತು. ಅಳಿಯ ಅಂದರೆ ಆ ತಮ್ಮನ ಮಗ, ಮಗ್ಗ ನಡೆಸುವವನು. ಮೊದಲು ಆಚೀಚೆಯ ಮಾತಾಡಿದ. ಆಮೇಲೆ ವಿಷಯಕ್ಕೆ ಬಂದ.

"ಮಿಸ್ತ್ರಿ, ಗಾಡಿ ಆಗಂಗಿಲ್ಲ ಅಂತ ಹೇಳಿಬಿಡ್ರಿ. ನಾವ ಹೇಳಿದ್ರ ಅತ್ತಿ ಕೇಳಂಗಿಲ್ಲ, ನೀವ ಹೇಳಿದ್ರ ಕೇಳ್ತಾಳ. ಈ ವಯಸ್ಸಿನಾಗ ಬಿದ್ದು ಸೊಂಟ ಮುರ್ಕೊಂಡ್ರ ಏನ್ ಮಾಡೂದ್ರಿ?"

ಬಾಗಲಕೋಟೆಯ ಒಬ್ಬರು ಹಳೆಯ ಗಾಡಿಗಳನ್ನು ಕೂಡಿಸುವವರಂತೆ, ಇದ್ದ ಸ್ಥಿತಿಯಲ್ಲೇ ಒಯ್ಯುತ್ತಾರಂತೆ, ಮೆರುಗು ಹಾಕಿಸಿ ಮನೆಯ ಪಡಸಾಲೆಯಲ್ಲಿ ನಿಲ್ಲಿಸುತ್ತಾರಂತೆ. ನಾನು ಪಟ್ಟ ಕಷ್ಟಕ್ಕೂ ಅವರೇ ಕೊಡುತ್ತಾರೆ ಅಂದ. ಅವನ ದನಿಯಲ್ಲಿ ಮೋಸ ಇರಲಿಲ್ಲ. ಹೆದರಿದ ಮನುಷ್ಯನ ದನಿ ಅದು. ಅಷ್ಟಕ್ಕೂ ಅವರಿಗೆ ಈಗ ಗಾಡಿ ಯಾಕೆ ಬೇಕು ಅಂತ ನಾನು ಕೇಳಿದೆ. ಆಗ ತಿಳಿಯಿತು.

ಸಿಸ್ಟರ್ ಕೆಲಸ ಮಾಡಿದ ಉಪಕೇಂದ್ರದಲ್ಲಿ ಅವರ ಜೊತೆ ಒಬ್ಬ ಆಯಾ ಇದ್ದಳು. ಹೆರಿಗೆಗೆ ದೀಪ ಹಿಡಿದವಳು, ನೀರು ಕಾಸಿದವಳು, ಹೊಳೆ ಬಂದಾಗ ಗಾಡಿಯ ಹಿಂದೆ ಕೂತು ಸಿಸ್ಟರ್ ಜೊತೆ ಸುತ್ತುಹಾಕಿ ಹೋದವಳು. ಈಗ ಲಕ್ವಾ ಹೊಡೆದು ತನ್ನ ಹಳ್ಳಿಯಲ್ಲಿ ಹಾಸಿಗೆ ಹಿಡಿದಿದ್ದಾಳೆ. ಬೆನ್ನಿಗೆ ಹುಣ್ಣಾಗಿದೆ. ಮನೆಯವರು ಎಲ್ಲ ಮಾಡುತ್ತಾರೆ, ಆದರೆ ಆ ಹುಣ್ಣು ಬಿಚ್ಚಿ ತೊಳೆದು ಪಟ್ಟಿ ಕಟ್ಟಲು ಅವರ ಕೈ ಬರುವುದಿಲ್ಲ. ದಿನ ಬಿಟ್ಟು ದಿನ ಸಿಸ್ಟರ್ ಹೋಗಬೇಕು. ಹಳ್ಳಿಗೆ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಳಿಯ ತನ್ನ ಗಾಡಿಯ ಮೇಲೆ ಬಿಟ್ಟು ಬರುತ್ತಾನೆ, ಆದರೆ ಮಗ್ಗದ ಕೆಲಸದಲ್ಲಿ ಅವನಿಗೆ ಬಿಡುವು ಸಿಗುವ ತನಕ ಸಿಸ್ಟರ್ ಬ್ಯಾಗು ಹಿಡಿದು ಕಟ್ಟೆಯ ಮೇಲೆ ಕೂತಿರಬೇಕು. ಕೆಲವು ಸಲ ಆ ದಿನ ಹೋಗುವುದೇ ಆಗುವುದಿಲ್ಲ. ಇದನ್ನೆಲ್ಲ ಅವನೇ ಹೇಳಿದ, ತನ್ನ ತಪ್ಪು ಒಪ್ಪಿಕೊಳ್ಳುವವನ ಹಾಗೆ.

ನೋಡುತ್ತೇನೆ ಅಂತ ಫೋನ್ ಇಟ್ಟೆ.

ನಿಜ ಹೇಳಬೇಕೆಂದರೆ, ಆಗಂಗಿಲ್ಲ ಅನ್ನುವುದು ಸುಳ್ಳೂ ಆಗುತ್ತಿರಲಿಲ್ಲ. ನನ್ನ ಕೈಯಲ್ಲಿ ಆಗಿರಲಿಲ್ಲ ತಾನೆ? ಗಾಡಿ ಹೋಗುತ್ತದೆ, ಅಳಿಯನಿಗೆ ನೆಮ್ಮದಿ, ನನ್ನ ಗಿರಾಕಿಗಳು ವಾಪಸು ಬರುತ್ತಾರೆ. ಸಿಸ್ಟರಿಗೆ ಸೋಮವಾರ ಫೋನ್ ಮಾಡಿ ಹೇಳುವುದು ಅಂತ ತೀರ್ಮಾನ ಮಾಡಿಯೇ ಗಾಡಿಯನ್ನು ಕಳಿಸಲು ಸಿದ್ಧಮಾಡತೊಡಗಿದೆ. ಬಿಚ್ಚಿಟ್ಟ ಸೈಡ್ ಕವರ್ ಕೂಡಿಸಿದೆ, ಒರೆಸಿದೆ. ಯಾವ ಗಾಡಿಯನ್ನೂ ಗೇರ್ ಆಯಿಲ್ ನೋಡದೆ ಹೊರಗೆ ಬಿಡುವವನಲ್ಲ ನಾನು. ಆಯಿಲಿನ ಮಟ್ಟ ನೋಡುವ ತಿರುಪು ಬಿಚ್ಚಿದೆ. ಆಯಿಲ್ ಬರಲಿಲ್ಲ. ಗಾಡಿಯನ್ನು ಇತ್ತ ವಾಲಿಸಿದೆ, ಅತ್ತ ವಾಲಿಸಿದೆ. ಬರಲಿಲ್ಲ. ಕೆಳಗಿನ ಬೋಲ್ಟ್ ತೆಗೆದು ಡಬ್ಬಿಗೆ ಸುರಿಸಿದರೆ ನಾನು ಹಾಕಿದ್ದರ ಅರ್ಧವೂ ಇರಲಿಲ್ಲ.

ನೆಲದ ಮೇಲೆ ಒಂದು ಹನಿಯ ಕಲೆಯಿಲ್ಲ. ಎಂಜಿನ್ನಿನ ಕೆಳಗೆ ಕೈಯಾಡಿಸಿದರೆ ಒಣ. ಹಾಗಾದರೆ ಆಯಿಲ್ ಎಲ್ಲಿ ಹೋಯಿತು? ಎಂಜಿನ್ನೇ ಕುಡಿದಿರಬೇಕು. ಆಗ ಆ ಹೊಗೆಯ ನೆನಪಾಯಿತು. ಬಿಳಿ ಹೊಗೆ, ಸುಟ್ಟ ಗೇರ್ ಆಯಿಲಿನ ಘಾಟು. ಅಷ್ಟು ದಿನ ಅದನ್ನು ಮೂಸುತ್ತಲೇ ಇದ್ದೆ, ನಾನೇ ಹೆಚ್ಚಿಸಿದ ಆಯಿಲಿನದು ಅಂದುಕೊಂಡಿದ್ದೆ.

ಟೂ ಸ್ಟ್ರೋಕ್ ಎಂಜಿನ್ನಿನ ಗುಟ್ಟು ಅದರ ಹೊಟ್ಟೆಯಲ್ಲಿದೆ. ಗಾಳಿ ಮತ್ತು ಪೆಟ್ರೋಲು ನೇರ ಪಿಸ್ಟನ್ನಿನ ಮೇಲಕ್ಕೆ ಹೋಗುವುದಿಲ್ಲ. ಮೊದಲು ಕೆಳಗೆ, ಕ್ರ್ಯಾಂಕು ತಿರುಗುವ ಪೆಟ್ಟಿಗೆಗೆ ಬಂದು, ಅಲ್ಲಿಂದ ಒತ್ತಿಸಿಕೊಂಡು ಮೇಲಕ್ಕೆ ಹೋಗಬೇಕು. ಆ ಪೆಟ್ಟಿಗೆಯ ಎರಡೂ ಬದಿಗೆ ರಬ್ಬರಿನ ಸೀಲುಗಳಿವೆ, ಬಳೆಯಷ್ಟೂ ಇಲ್ಲದ ಸಣ್ಣ ವಸ್ತು. ಅವು ಗಾಳಿ ಹಿಡಿದಿಡದಿದ್ದರೆ ಸೀಳಿದ ಊದುಗೊಳವೆಯಿಂದ ಒಲೆ ಊದಿದ ಹಾಗೆ. ಒಂದು ಬದಿಯ ಸೀಲು ಸೋತರೆ ಗೇರ್ ಆಯಿಲ್ ಒಳಗೆ ಎಳೆದುಕೊಳ್ಳುತ್ತದೆ, ಇನ್ನೊಂದು ಬದಿಯದು ಸೋತರೆ ಹೊರಗಿನ ಗಾಳಿ. ಪೆಟ್ರೋಲು ತೆಳುವಾಗಿ, ಎಂಜಿನ್ ತಾನೇ ಕೂಗಾಡಿ, ಕಾದು, ಪಿಸ್ಟನ್ ಹಿಡಿಯುತ್ತದೆ. ಆಯಿಲ್ ಮತ್ತೆ ತುಂಬಿ, ಮ್ಯಾಗ್ನೆಟ್ಟಿನ ಕವರ್ ತೆಗೆದು, ಗಾಡಿ ಚಾಲೂ ಮಾಡಿ, ಒಳಬದಿಯ ಸೀಲಿನ ಕಡೆಗೆ ಕಾರ್ಬೊರೇಟರ್ ತೊಳೆಯುವ ಸ್ಪ್ರೇ ಸ್ವಲ್ಪ ಹೊಡೆದೆ. ಎಂಜಿನ್ನಿನ ಸದ್ದು ಕೂಡಲೇ ಬದಲಾಯಿತು. ಎರಡೂ ಬದಿ ಹೋಗಿದ್ದವು. ವರ್ಷಗಟ್ಟಲೆ ನಿಂತಲ್ಲೇ ನಿಂತು ರಬ್ಬರು ಒಣಗಿತ್ತು.

ಸಿಸ್ಟರ್ ಅವರ ಕಾಲಿನ ಮಾತು ಹೊಳೆದದ್ದು ಆಗ. ನಾನು ಜಾಡಿಸಿ ಒದ್ದಾಗ ಗಾಳಿ ಸೋರುವ ಮುಂಚೆಯೇ ಹೇಗೋ ಒಂದಿಷ್ಟು ಪೆಟ್ರೋಲು ಮೇಲೆ ಹೋಗುತ್ತಿತ್ತು. ಅವರು ಸಾವಕಾಶ ಒದ್ದರೆ ಎಲ್ಲ ಸೋರಿ ಹೋಗುತ್ತಿತ್ತು. ಗಾಡಿಯ ರೋಗವನ್ನು ಮೊದಲ ದಿನವೇ ಸರಿಯಾಗಿ ತೋರಿಸಿಕೊಟ್ಟದ್ದು ಆ ಕಾಲು. ನಾನು ಅದನ್ನೇ ರೋಗ ಅಂದಿದ್ದೆ.

ರೋಗ ತಿಳಿಯಿತು ಅಂತ ಸಂತೋಷವೇನೂ ಆಗಲಿಲ್ಲ. ಸೀಲು ಬದಲಿಸಬೇಕಾದರೆ ಎಂಜಿನ್ನನ್ನು ಚೌಕಟ್ಟಿನಿಂದ ಇಳಿಸಿ, ಇದುವರೆಗೆ ಕೂಡಿಸಿದ್ದನ್ನೆಲ್ಲ ಬಿಚ್ಚಿ, ಹೊಟ್ಟೆಯನ್ನು ಎರಡು ಹೋಳು ಮಾಡಬೇಕು. ಇಲ್ಲವೇ ಸೋಮವಾರದ ಫೋನು ಮಾಡಬೇಕು. ನಾನು ಸ್ಟೂಲಿನ ಮೇಲೆ ಕೂತು ಬಹಳ ಹೊತ್ತು ಆ ಗಾಡಿಯನ್ನು ನೋಡಿದೆ. ನನ್ನ ನಿರ್ಧಾರದಲ್ಲಿ ದೊಡ್ಡ ಗುಣವೇನೂ ಇರಲಿಲ್ಲ. ಆ ಆಯಾಳ ಬೆನ್ನಿನ ಹುಣ್ಣು ಮನಸ್ಸಿನಲ್ಲಿತ್ತು ಅನ್ನುವುದು ನಿಜ. ಆದರೆ ಇಷ್ಟು ಕಾಡಿದ ವಸ್ತುವನ್ನು ಯಾರೋ ಮೆರುಗು ಹಾಕಿ ಪಡಸಾಲೆಯಲ್ಲಿ ನಿಲ್ಲಿಸುವುದನ್ನು ನೆನೆದು ಬಂದ ಸಿಟ್ಟೂ ಅಷ್ಟೇ ನಿಜ. ಅಳಿಯನಿಗೆ ಫೋನ್ ಮಾಡಿದೆ.

"ಆಗಂಗಿಲ್ಲ ಅಂತ ನಾ ಹೇಳೂದಿಲ್ರಿ. ಯಾಕಂದ್ರ ಆಗತೈತಿ. ಅವರು ಹೊಡೀಬೇಕೋ ಬ್ಯಾಡೋ, ಅದು ನಿಮ್ಮ ಮನಿ ಮಾತು."

ಆಯ್ತು ಬಿಡ್ರಿ ಅಂದ.

ಎಂಜಿನ್ ಹೋಳು ಮಾಡಿದಾಗ ಸೀಲುಗಳು ಒಣ ಕೊಬ್ಬರಿಯಂತೆ ಕೈಯಲ್ಲೇ ಮುರಿದವು. ಹೋಳು ಮಾಡಿದ ಮೇಲೆ ಬೇರಿಂಗುಗಳನ್ನೂ ಬದಲಿಸದೆ ಬಿಡುವುದು ಮೂರ್ಖತನ. ಬೇರಿಂಗ್ ಬಾಗಲಕೋಟೆಯಲ್ಲಿ ಸಿಕ್ಕವು. ಸೀಲು ಸಿಗಲಿಲ್ಲ. ಅಂಗಡಿಯವರು ಕೊಟ್ಟ ಒಂದು ಜೊತೆ ನೋಡಲು ಅದೇ, ಕೂಡಿಸಲು ಹೋದರೆ ಸಡಿಲ. ಇನ್ನೊಂದು ಜೊತೆ ಡಬ್ಬಿಯಲ್ಲೇ ಗಟ್ಟಿಯಾಗಿತ್ತು. ಒಂದು ರೋಗಕ್ಕೆ ಅದೇ ರೋಗವನ್ನು ಮದ್ದೆಂದು ಕೊಟ್ಟ ಹಾಗೆ. ಕೊನೆಗೆ ನನಗೆ ಕೆಲಸ ಕಲಿಸಿದ ಉಸ್ತಾದರ ನೆನಪಾಗಿ ಬಾದಾಮಿಗೆ ಬಸ್ಸು ಹತ್ತಿದೆ. ಅಲ್ಲಿಂದ ಮತ್ತೊಂದು ಬಸ್ಸಿಗೆ ಕುಳಗೇರಿ ಕ್ರಾಸ್. ಉಸ್ತಾದರು ಅಲ್ಲಿ ಗ್ಯಾರೇಜು ಬಿಟ್ಟು ಮಗನ ಟಯರ್ ಅಂಗಡಿಯಲ್ಲಿ ಕೂತಿರುತ್ತಾರೆ. ಇಷ್ಟು ವರ್ಷ ಮುಖ ತೋರಿಸದೆ ಈಗ ಸೀಲಿಗೆ ಬಂದೆಯಾ ಅಂತ ಮೊದಲು ಬೈದರು. ಆಮೇಲೆ ಊಟಕ್ಕೆ ಕೂಡಿಸಿದರು. ಊಟವಾದ ಮೇಲೆ ಮತ್ತೊಮ್ಮೆ ಬೈದರು. ಸಂಜೆಯ ಹೊತ್ತಿಗೆ ಗೋದಾಮಿನ ಯಾವುದೋ ಡಬ್ಬಿಯಿಂದ, ಎಣ್ಣೆಯ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಜೊತೆ ಸೀಲು ತಂದು ಕೈಗಿಟ್ಟರು. ಒತ್ತಿದರೆ ಮೆತ್ತಗೆ ಬಾಗಿ ಮತ್ತೆ ಮೊದಲಿನಂತಾಗುತ್ತಿದ್ದವು.

ಅಲ್ಲಿಗೂ ಮುಗಿಯಲಿಲ್ಲ. ಎಂಜಿನ್ನಿನ ಹೋಳುಗಳನ್ನು ಬಿಸಿ ಮಾಡಿ ಬೇರಿಂಗ್ ಕೂಡಿಸಿ, ಸೀಲಿಗೆ ಎಣ್ಣೆ ಸವರಿ ಒತ್ತಿ, ಪ್ಯಾಕಿಂಗ್ ಹಾಕಿ, ಎಲ್ಲ ತಿರುಪು ಬಿಗಿದು, ಖುಷಿಯಿಂದ ಗೇರ್ ಹಾಕಿ ನೋಡಿದರೆ ಮೂರನೆಯದು ಬೀಳಲೊಲ್ಲದು. ಮತ್ತೆ ಬಿಚ್ಚಿದೆ. ಒಂದು ವಾಷರ್ ಟ್ರೇಯ ಮೂಲೆಯಲ್ಲಿ, ಎಣ್ಣೆಯ ಕೆಳಗೆ, ನನ್ನನ್ನೇ ನೋಡುತ್ತ ಮಲಗಿತ್ತು. ಹೊಸ ಪ್ಯಾಕಿಂಗ್ ಹರಿದುಹೋಗಿತ್ತು, ಹಾಳೆಯಿಂದ ಇನ್ನೊಂದನ್ನು ಕತ್ತರಿಸಿಕೊಂಡೆ. ಅವತ್ತು ನಾನು ಅಂದ ಮಾತುಗಳು ಬರೆಯುವಂಥವಲ್ಲ.

ಎಲ್ಲ ಕೂಡಿಸಿದ ಮೇಲೆ ಜಾಡಿಸಿ ಒದೆಯಲಿಲ್ಲ. ಕೂತು, ಮೊಣಕಾಲು ನೋಯುವವರ ಹಾಗೆ, ಸಾವಕಾಶ ಕಿಕ್ಕರ್ ಒತ್ತಿದೆ. ಅದು ಕಾಲಿಗೆ ತಿರುಗಿ ಒತ್ತಿತು. ಮೊದಲು ಹಾಗೆ ಒತ್ತಿರಲಿಲ್ಲ. ಎರಡನೆಯ ಒದೆತಕ್ಕೆ ಹಿಡಿಯಿತು. ಎಕ್ಸಲೇಟರ್ ಬಿಟ್ಟರೆ ಸದ್ದು ಕೂಡಲೇ ಇಳಿದು ಸಣ್ಣಗೆ ನಿಂತಿತು. ಇಳಕಲ್ ರಸ್ತೆಯಲ್ಲಿ ಹೋಗಿ ಬಂದೆ, ಪಿಸ್ಟನ್ ಹಿಡಿಯಲಿಲ್ಲ. ಗೇರ್ ಆಯಿಲ್ ಇದ್ದಷ್ಟೇ ಇತ್ತು. ನಕ್ಕೆನೋ ಇಲ್ಲವೋ ನೆನಪಿಲ್ಲ. ಗಾಡಿಯನ್ನು ನೋಡುತ್ತ, ಇನ್ನೇನು ಬಾಕಿ ಇಟ್ಟಿದ್ದೀಯ ಅಂತ ಕೇಳಿದ್ದು ನೆನಪಿದೆ.

ನಿಜವಾದ ಪರೀಕ್ಷೆ ತಣ್ಣಗಿನ ಎಂಜಿನ್ನಿಗೆ, ಬೆಳಿಗ್ಗೆ, ಅವರ ಮನೆಯ ಮುಂದೆ. ಹಾಗಾಗಿ ಹಿಂದಿನ ಸಂಜೆ ಗಾಡಿಯನ್ನು ಇಳಕಲ್ಲಿಗೆ ಒಯ್ದು ಅವರ ಓಣಿಯಲ್ಲಿ ನಿಲ್ಲಿಸಿ ಬಂದೆ. ಬೆಳಿಗ್ಗೆ ನಟ್ಟು ಬಿಚ್ಚುವ ಪಾನಾಗಳ ಚೀಲ ಹಿಡಿದು ಬಸ್ಸಿಗೆ ಹೋದೆ. ಅಳಿಯ ಬಾಗಿಲಲ್ಲಿ ನಿಂತಿದ್ದ. ಆರ್.ಟಿ.ಓ. ಆಫೀಸಿನಲ್ಲಿ ಗಾಡಿಯ ಪಾಸಿಂಗ್ ಇನ್ನೂ ಆಗಬೇಕಿತ್ತು, ಆದ್ದರಿಂದ ಓಣಿಯೊಳಗೇ ಒಂದು ಸುತ್ತು ಅಂತ ಮಾತಾಯಿತು. ಸಿಸ್ಟರ್ ಒಪ್ಪಿಕೊಂಡರು. ಅವರ ಹೆಗಲಲ್ಲಿ ಬ್ಯಾಗು ಇದ್ದದ್ದನ್ನು ನೋಡಿಯೂ ನಾವಿಬ್ಬರೂ ಏನನ್ನೂ ಕೇಳಲಿಲ್ಲ.

ಹತ್ತಿದರು. ಪೆಟ್ರೋಲ್ ಬಿಟ್ಟರು, ಚೋಕ್ ಎಳೆದರು. ಮೊದಲ ಒದೆತಕ್ಕೆ ಕೆಮ್ಮಿತು. ಎರಡನೆಯದಕ್ಕೆ ಆಗಲಿಲ್ಲ. ಅವರು ಕಾಲನ್ನು ಒಮ್ಮೆ ಮಡಿಸಿ ಬಿಡಿಸಿಕೊಂಡು, ಅದೇ ನಿಧಾನದಲ್ಲಿ, ಮೇಲಿನಿಂದ ಕೆಳಗಿನ ತನಕ ಮತ್ತೊಮ್ಮೆ ಒತ್ತಿದರು. ಗಾಡಿ ಚಾಲೂ ಆಯಿತು. ಎದುರು ಮನೆಯ ಮಗ್ಗದ ಸದ್ದು ನಿಂತಿತು. ಒಳಗಿನಿಂದ ಯಾರೋ ಇಣುಕಿ ನೋಡಿದರು. ಸಿಸ್ಟರ್ ನಮ್ಮ ಕಡೆ ನೋಡಲೂ ಇಲ್ಲ, ಗೇರ್ ಹಾಕಿ ಹೊರಟು ಓಣಿಯ ತುದಿಯಲ್ಲಿ ತಿರುಗಿದರು. ಸದ್ದು ದೂರವಾಯಿತು. ಆಮೇಲೆ ಇಲ್ಲವೇ ಆಯಿತು.

ನಾವು ಕಾದೆವು. ಅವರ ಮೊಬೈಲು ಒಳಗೆ ಅಡುಗೆಮನೆಯ ಕಟ್ಟೆಯ ಮೇಲೇ ಇತ್ತು. ಅಳಿಯ ಚಹಾ ತಂದುಕೊಟ್ಟ. ಕಾದೆವು. ನನ್ನ ಬಸ್ಸು ಹೋಯಿತು. ಅವನು ತನ್ನ ಗಾಡಿಯ ಮೇಲೆ ಹೆದ್ದಾರಿಯ ತನಕ ಹೋಗಿ ನೋಡಿ ಬಂದು ತಲೆ ಅಲ್ಲಾಡಿಸಿದ. ನಾನು ಎಂಜಿನ್ನಿನ ಪ್ರತಿ ತಿರುಪನ್ನೂ ಮನಸ್ಸಿನಲ್ಲೇ ಒಂದೊಂದಾಗಿ ಮತ್ತೆ ಬಿಗಿದೆ. ಮೂರನೆಯ ಗೇರು ಬಿದ್ದಿತೋ ಇಲ್ಲವೋ. ಪಿಸ್ಟನ್ ಹಿಡಿದರೆ ಕ್ಲಚ್ ಒತ್ತಬೇಕು ಅಂತ ಅವರಿಗೆ ಹೇಳಿದ್ದೆನೋ ಇಲ್ಲವೋ. ಅಳಿಯ ಒಮ್ಮೆ ನನ್ನ ಕಡೆ ನೋಡಿದ. ಅದೇ ನೋಟವನ್ನು ನಾನು ಅವನ ಕಡೆ ಬೀರಿದೆ. ಇಬ್ಬರೂ ಬೈಯಲಿಕ್ಕೆ ಒಬ್ಬರನ್ನು ಹುಡುಕುತ್ತಿದ್ದೆವು.

ಬಿಸಿಲು ಕಟ್ಟೆಯ ಮೇಲೆ ಬಂದ ಮೇಲೆ ಆ ಸದ್ದು ಕೇಳಿತು. ಒಂದೇ ಸಮನೆ, ತಗ್ಗದೆ, ಕೂಗಾಡದೆ ಬಂತು. ಸಿಸ್ಟರ್ ಬಂದು ಗಾಡಿ ಬಂದ್ ಮಾಡಿ ಸ್ಟ್ಯಾಂಡ್ ಹಾಕಿದರು. ಎರಡೂ ಮಡ್‌ಗಾರ್ಡಿಗೆ ಎರೆ ಮಣ್ಣು ಮೆತ್ತಿತ್ತು. ಸೆರಗಿನ ತುದಿಯಲ್ಲಿ ಅಯೋಡಿನ್ನಿನ ಹಳದಿ ಕಲೆ. ಓಣಿಯೊಳಗೆ ಒಂದು ಸುತ್ತು ಅಂತ ಹೇಳಿದ್ದು ಯಾರು, ಕೇಳಿದ್ದು ಯಾರು? ಅಳಿಯ ಅವರ ಮುಖ ನೋಡಿದ. ಒಳಗೆ ಹೋಗಿ ಅವರಿಗೆ ನೀರು ತಂದ.

ಅವರು ನಿಂತೇ ನೀರು ಕುಡಿದರು. ಬಲಗೈಯಿಂದ ಎಡಗೈಯ ಬೆರಳುಗಳನ್ನು ಒತ್ತಿಕೊಂಡರು.

"ಕ್ಲಚ್ ಭಾಳ ಬಿಗಿ ಐತಿ, ತಮ್ಮಾ. ನಾಡದು ಮತ್ತ ಹೋಗಬೇಕು, ಈಗ ಸಡ್ಲ ಮಾಡಿಕೊಡು."

ಚೀಲದಿಂದ ಹತ್ತು ನಂಬರಿನ ಪಾನಾ ತೆಗೆದು ಗಾಡಿಯ ಪಕ್ಕಕ್ಕೆ ಕುಕ್ಕರಗಾಲಿನಲ್ಲಿ ಕೂತೆ. ಎಂಜಿನ್ ಕೈ ಇಡಲಾಗದಷ್ಟು ಬಿಸಿಯಾಗಿತ್ತು. ಆರುವ ತನಕ ಕಾಯುತ್ತ ಅಲ್ಲೇ ಕೂತಿದ್ದೆ.